ಇಲಿ ಓಡಿಸುವವಳು

ಡಾಲಸ್‌ನ ಕನ್ನಡಿಗರ ಮನೆಗಳಲ್ಲಿ ಆಗ ನನಗೊಂದು ಬಿರುದಿತ್ತು: ಇಲಿ ಓಡಿಸುವ ಹುಡುಗಿ. ಕಂಪ್ಯೂಟರ್ ಓದಲು ಬಂದವರ ನಡುವೆ ಶರೀರಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು ನಾನೊಬ್ಬಳೇ. "ಏನ್ ಓದ್ತಿದ್ದೀಯಮ್ಮಾ?" ಎಂದು ಯಾರಾದರೂ ಆಂಟಿ ಕೇಳಿದರೆ, "ಬೆಳಗ್ಗೆ ಎದ್ದು ಇಲಿಗಳಿಗೆ ಓಟ ಕಲಿಸ್ತೀನಿ ಆಂಟಿ," ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಗಲಿ, ನನಗೇನು? ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಅದು ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಸುಖ ನನಗೆ ಬೇಕಿರಲಿಲ್ಲ.

ಇಲಿ ರಾತ್ರಿ ಓಡಾಡುವ ಪ್ರಾಣಿ. ಅದಕ್ಕೆಂದೇ ಅವುಗಳ ಕೋಣೆಯಲ್ಲಿ ನಾವು ಹಗಲನ್ನು ರಾತ್ರಿ ಮಾಡಿಟ್ಟಿದ್ದೆವು. ಬೆಳಗ್ಗೆ ನಾನು ಕೆಂಪು ಬಲ್ಬಿನ ಮಂದ ಬೆಳಕಿನಲ್ಲಿ ಒಳಗೆ ಹೋಗಿ, ಓಣಿಗಳಂತೆ ಪಾಲು ಮಾಡಿದ ಪುಟ್ಟ ಟ್ರೆಡ್‌ಮಿಲ್ ಮೇಲೆ ಅವುಗಳನ್ನು ಒಂದೊಂದಾಗಿ ಬಿಡುತ್ತಿದ್ದೆ. ಹಿಂದುಳಿದ ಇಲಿಗೆ ಸಣ್ಣದಾಗಿ ಶಾಕ್ ಹೊಡೆಯುವ ಸರಳುಗಳು ಆ ಯಂತ್ರದಲ್ಲಿದ್ದವು. ನಾನು ಅದನ್ನು ಆಫ್ ಮಾಡಿ, ಬಾಟಲಿ ತೊಳೆಯುವ ಬ್ರಷ್‌ನಿಂದ ಹಿಂಬದಿಗೆ ಮೆಲ್ಲಗೆ ತಟ್ಟುತ್ತಿದ್ದೆ. ಇದು ಬರೀ ಕರುಣೆಯಲ್ಲ. ಬೆದರಿದ ಪ್ರಾಣಿಯ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ನಾನು ಅಳೆಯಲು ಹೊರಟಿದ್ದದ್ದೇ ಅಡ್ರಿನಲಿನ್ನಿನ ಕರೆ ಕೇಳುವ ರಿಸೆಪ್ಟರ್‌ಗಳನ್ನು. ಹೆದರಿಸಿ ಓಡಿಸಿದರೆ ಲೆಕ್ಕ ಕೆಡುತ್ತದೆ. ಅರ್ಧ ಇಲಿಗಳು ವಾರಗಟ್ಟಲೆ ಓಡುತ್ತಿದ್ದವು, ಇನ್ನರ್ಧ ಪಂಜರದಲ್ಲಿ ತಿಂದುಂಡು ಮಲಗಿರುತ್ತಿದ್ದವು. ಕೊನೆಗೆ ಎರಡೂ ಗುಂಪಿನ ಹೃದಯವನ್ನೂ ಮೀನಖಂಡದ ಸ್ನಾಯುವನ್ನೂ ತೆಗೆದು, ತಣ್ಣಗಿನ ಉಪ್ಪುನೀರಿನಲ್ಲಿ ತೊಳೆದು, ಪರೀಕ್ಷೆ ಮಾಡಬೇಕು. ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಕೈ ನಡುಗುತ್ತಿರಲಿಲ್ಲ. ನಡುಗುವ ಕೈಯಿಂದ ಇಲಿಗೇ ಹೆಚ್ಚು ನೋವು.

ನಮ್ಮ ಕನ್ನಡದವರ ರಾಜ್ಯೋತ್ಸವದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ನವೆಂಬರ್‌ನಲ್ಲೂ ಒಬ್ಬ ವಿದ್ಯಾರ್ಥಿ ವೇದಿಕೆ ಹತ್ತಿ, ತಾನು ಓದುತ್ತಿರುವುದನ್ನು ಇಂಗ್ಲಿಷ್ ಸೋಂಕಿಲ್ಲದೆ ವಿವರಿಸಬೇಕು. ಬಾಯಿತಪ್ಪಿ ಬಂದ ಇಂಗ್ಲಿಷ್ ಪದ ಒಂದಕ್ಕೆ ಒಂದು ಬಸ್ಕಿ. ಹಿಂದಿನ ವರ್ಷ ಚಿಪ್ ಡಿಸೈನ್ ಓದುವ ಹುಡುಗನೊಬ್ಬ ಮಾತು ಮುಗಿಸಿ ಮಂಡಿ ಹಿಡಿದುಕೊಂಡು ವೇದಿಕೆ ಇಳಿದಿದ್ದ. ಆ ವರ್ಷ ಸರದಿ ನನ್ನದು. ರಿಸೆಪ್ಟರ್ ಎನ್ನುವಂತಿಲ್ಲ. ನಾನು 'ಕಿವಿ' ಎಂದೆ.

"ನಿಮ್ಮ ಹೃದಯದ ಕಣಗಳ ಮೇಲೆ, ಕಾಲಿನ ಸ್ನಾಯುವಿನ ಕಣಗಳ ಮೇಲೆ ಸಣ್ಣ ಸಣ್ಣ ಕಿವಿಗಳಿವೆ ಅಂದ್ಕೊಳ್ಳಿ," ಎಂದು ಶುರು ಮಾಡಿದೆ. "ನೀವು ಓಡಿದಾಗ, ಹೆದರಿದಾಗ, ಹೆಂಡತಿ ಜೊತೆ ಜಗಳ ಆಡಿದಾಗ ರಕ್ತದಲ್ಲಿ ಒಂದು ರಸ ಬಂದು, 'ಏಳಿ, ಕೆಲಸ ಇದೆ' ಅಂತ ಕೂಗತ್ತೆ. ಕೇಳಿಸಿಕೊಂಡ ಹೃದಯ ಜೋರಾಗಿ ಬಡಿಯತ್ತೆ. ದಿನಾ ಓಡುವ ಅಭ್ಯಾಸ ಆದ್ರೆ ಏನಾಗತ್ತೆ? ಕಾಲಿನ ಸ್ನಾಯುವಿನಲ್ಲಿ ಕಿವಿ ಹೆಚ್ಚಾಗಬಹುದು. ಹೃದಯದಲ್ಲಿ ಹಾಗಲ್ಲ, ಅಲ್ಲಿ ಕಿವಿ ಕಡಿಮೆ ಆಗತ್ತೆ ಅಂತ ಕೆಲವರು, ಅಷ್ಟೇ ಇರತ್ತೆ ಅಂತ ಕೆಲವರು. ಒಂದೇ ಮೈ, ಒಂದೇ ಕೂಗು, ಕಾಲಿನ ಉತ್ತರ ಬೇರೆ, ಎದೆಯ ಉತ್ತರ ಬೇರೆ. ಅಂತೂ ಪಳಗಿದ ಹೃದಯ ಸಣ್ಣ ಕೂಗಿಗೆಲ್ಲ ಗಾಬರಿ ಬೀಳಲ್ಲ."

ಸಭೆಯಿಂದ ಒಬ್ಬರು ಕೇಳಿದರು: ಹೃದ್ರೋಗಿಗಳಿಗೆ ಕೊಡುವ ಬಡಿತ ತಗ್ಗಿಸುವ ಮಾತ್ರೆ ಏನು ಮಾಡುತ್ತದೆ? "ಆ ಕಿವಿಗಳಿಗೆ ಹತ್ತಿ ಇಡತ್ತೆ," ಎಂದೆ. ಚಪ್ಪಾಳೆ ಬಿತ್ತು. ಒಂದೇ ಒಂದು ಬಸ್ಕಿ ಹೊಡೆದು, ಸೀರೆ ಸರಿಮಾಡಿಕೊಂಡು ಇಳಿದೆ.

ಆ ಪ್ರಶ್ನೆ ಕೇಳಿದವರು ಡಾಲಸ್ ಪಕ್ಕದ ಮರ್ಫಿ ಎಂಬ ಊರಿನ ಅಂಕಲ್. ಬಾಗಲಕೋಟೆ ಕಡೆಯವರು, ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್‌ಗಳನ್ನು ಡಿಸೈನ್ ಮಾಡಿ ರಿಟೈರ್ ಆಗಿದ್ದ ಎಂಜಿನಿಯರ್. ವಾರಾಂತ್ಯ ಬಂತೆಂದರೆ ನಾನೂ ನನ್ನ ರೂಮ್‌ಮೇಟೂ ಅವರ ಮನೆಯಲ್ಲಿ ಜೋಳದ ರೊಟ್ಟಿ ತಿನ್ನಲು ಹಾಜರ್. ರೂಮ್‌ಮೇಟ್ ಶಿವಮೊಗ್ಗದ ಮುಸ್ಲಿಂ ಹುಡುಗಿ, ಓಟದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಗಿತ್ತಿ. ಆಂಟಿಯ ಎಣ್ಣೆಗಾಯಿಗೆ ಅವಳು ನನಗಿಂತ ಹೆಚ್ಚು ಸೋತಿದ್ದಳು.

ಅಂಕಲ್‌ಗೆ ಹಾರ್ಟ್ ಅಟ್ಯಾಕ್ ಆಗಿದ್ದು ಕೆಲಸದಲ್ಲಿದ್ದಾಗಲೇ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಆಫೀಸಿನ ಪಾರ್ಕಿಂಗ್ ಲಾಟ್‌ನಲ್ಲಿ. ಅಲ್ಲಿಂದ ಮುಂದೆ ಅವರು ಮನೆಯಲ್ಲಿ ಗಾಜಿನ ಸಾಮಾನಾದರು. ಹುಲ್ಲು ಕತ್ತರಿಸುವಂತಿಲ್ಲ, ಕಸದ ಡಬ್ಬಿ ರಸ್ತೆವರೆಗೆ ತಳ್ಳುವಂತಿಲ್ಲ. ಕಾಲೇಜಿನಲ್ಲಿದ್ದ ಮಗಳು ಫೋನ್ ಮಾಡಿದಾಗಲೆಲ್ಲ "ಡ್ಯಾಡ್, ಡೋಂಟ್" ಎನ್ನುವುದೇ ಅವಳ ಅರ್ಧ ಮಾತು. ಅವರಿಗೆ ಇದು ಸಾವಿಗಿಂತ ಕಷ್ಟವಾಗಿತ್ತು ಎಂದು ನನಗೆ ಅನ್ನಿಸುತ್ತಿತ್ತು. ನಾವು ಕೆಲವರು ಭಾನುವಾರಗಳಂದು ವೈಟ್ ರಾಕ್ ಕೆರೆಯ ಸುತ್ತ ಓಡಲು ಹೋಗುತ್ತಿದ್ದೆವು. ಒಂದು ದಿನ ಅವರೂ ಹೊಸ ಶೂ ಹಾಕಿಕೊಂಡು ಬಂದು ನಿಂತರು. ಡಾಕ್ಟರ್ ಒಪ್ಪಿದ್ದರು, ನಿಧಾನ ಎಂಬ ಷರತ್ತಿನ ಮೇಲೆ. ಮೊದಲು ನಡಿಗೆ, ಆಮೇಲೆ ನಡುನಡುವೆ ಸ್ವಲ್ಪ ಓಟ. ಬೇಸಿಗೆ ಕಳೆಯುವ ಹೊತ್ತಿಗೆ, ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿ ನಡೆಯುವ ಅರ್ಧ ಮ್ಯಾರಥಾನ್‌ಗೆ ತಾನೂ ಬರುತ್ತೇನೆ ಎಂದರು.

ಒಂದೇ ವಿಷಯಕ್ಕೆ ಅವರಿಗೆ ಮನಸ್ಸು ಕಹಿ. ಎದೆಗೆ ಪಟ್ಟಿ ಕಟ್ಟಿ ಬಡಿತ ತೋರಿಸುವ ವಾಚ್ ಕೊಂಡಿದ್ದರು. ಅವರ ಜಿಮ್‌ನ ಗೋಡೆಯ ಮೇಲೆ ಒಂದು ಪಟ: ಇಷ್ಟು ವಯಸ್ಸಿಗೆ ವ್ಯಾಯಾಮದಲ್ಲಿ ಬಡಿತ ಇಷ್ಟಿರಬೇಕು ಎಂದು. ಅಂಕಲ್ ಎಷ್ಟೇ ಬೆವರು ಸುರಿಸಿದರೂ ಅವರ ಬಡಿತ ಆ ಅಂಕೆಯ ಹತ್ತಿರ ಸುಳಿಯುತ್ತಿರಲಿಲ್ಲ. ಏರಲು ಮಾತ್ರೆ ಬಿಡಬೇಕಲ್ಲ!

"ಸ್ಪೀಡ್ ಗವರ್ನರ್ ಕೂಡಿಸಿದ ಲಾರಿ ಹಂಗ ಆಗೇತಿ ನೋಡ ತಂಗಿ ನನ್ನ ಎದಿ," ಎಂದು ಕೆರೆಯ ದಂಡೆಯ ಮೇಲೆ ನಿಂತು ವಾಚ್ ತೋರಿಸುತ್ತಿದ್ದರು. "ಎಷ್ಟ ಆಕ್ಸಿಲರೇಟರ್ ತುಳದ್ರೂ ಅಷ್ಟ."

"ಮಾತ್ರೆ ತಗೊಳ್ಳೋರಿಗೆ ಆ ಪಟ ಅಲ್ಲ ಅಂಕಲ್. ಅದನ್ನ ನೋಡಲೇಬೇಡಿ," ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಅವರು ತಲೆಯಾಡಿಸುತ್ತಿದ್ದರು. ಆದರೆ ಜೀವನವಿಡೀ ಮೀಟರಿನ ಮುಳ್ಳು ನೋಡಿ ಬದುಕಿದ ಮನುಷ್ಯನಿಗೆ, ಮುಳ್ಳನ್ನು ನೋಡಬೇಡ ಎಂದರೆ ಕೇಳುತ್ತಾನೆಯೇ?

ಓಟದ ಹಿಂದಿನ ದಿನ, ಶನಿವಾರ ಬೆಳಗ್ಗೆ, ಅಂಕಲ್‌ನ ವ್ಯಾನಿನಲ್ಲಿ ನಾವು ನಾಲ್ಕು ಜನ ಹೊರಟೆವು: ಅಂಕಲ್, ಆಂಟಿ, ರೂಮ್‌ಮೇಟ್, ನಾನು. ಹ್ಯೂಸ್ಟನ್‌ನಲ್ಲಿ ಅಂಕಲ್‌ನ ಗೆಳೆಯರ ಮನೆ. ಅವರು ಊರಿಗೆ ಹೋಗಿದ್ದರಿಂದ ಕೀಲಿ ನಮ್ಮ ಕೈಗೆ ಬಂದಿತ್ತು. ಮಧ್ಯಾಹ್ನ ಮುಟ್ಟಿದೆವು. ಆಂಟಿ ತಂದಿದ್ದ ಪಾತ್ರೆಗಳನ್ನು ಬಿಚ್ಚಿ ಅಡಿಗೆ ಮನೆ ಸೇರಿದರು. ಅಂಕಲ್ ಕೈಕಾಲು ಸಡಿಲ ಮಾಡಿಕೊಳ್ಳಬೇಕೆಂದು ನಮ್ಮನ್ನು ಕಾಲೋನಿಯ ರಸ್ತೆಯಲ್ಲಿ ಒಂದು ಸುತ್ತು ಮೆಲ್ಲಗೆ ಓಡಿಸಿದರು. ವಾಪಸ್ ಬಂದವರು ಹಬ್ಬದ ಮುಖ ಮಾಡಿಕೊಂಡು ನನ್ನ ಮುಂದೆ ಮಣಿಕಟ್ಟು ಚಾಚಿದರು.

"ನೋಡಿಲ್ಲೆ! ಈ ವಾರ ಪೂರ್ತಿ ಹಿಂಗ. ಜಿಮ್ಮಿನ ಪಟದಾಗ ಇದ್ದ ಅಂಕಿ ಮುಟ್ಟೇನಿ. ಟ್ರೇನಿಂಗ್ ಮಾಡಿದ್ದು ಸಾರ್ಥಕ ಆತು."

"ಅರೆ, ಸೂಪರ್ ಅಂಕಲ್!" ಎಂದಳು ರೂಮ್‌ಮೇಟ್.

ನಾನು ಆ ಅಂಕೆಯನ್ನು ಮತ್ತೊಮ್ಮೆ ಓದಿದೆ. ಓಡಿ ಓಡಿ ಪಳಗಿದ ಹೃದಯ ಅದೇ ವೇಗಕ್ಕೆ ಕಡಿಮೆ ಬಡಿಯಬೇಕು. ನನ್ನ ಇಲಿಗಳದ್ದೂ ಹಾಗೇ, ನನ್ನದೂ ಹಾಗೇ, ಕೆರೆ ಸುತ್ತುವ ಎಲ್ಲರದ್ದೂ ಹಾಗೇ. ತಿಂಗಳುಗಟ್ಟಲೆ ನಡೆದವರ ಬಡಿತ ಒಂದೇ ವಾರದಲ್ಲಿ ಜಿಗಿದಿದೆ ಎಂದರೆ ಅದು ತರಬೇತಿಯ ಫಲವಲ್ಲ.

"ಅಂಕಲ್, ಮಾತ್ರೆ ತಗೋತಿದ್ದೀರಾ?"

ಅವರು ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. ಆಂಟಿ ದಿನಾ ಬೆಳಗ್ಗೆ ಕಾಫಿ ಲೋಟದ ಪಕ್ಕದಲ್ಲಿ ಮಾತ್ರೆ ಇಡುತ್ತಿದ್ದರಂತೆ. ಇವರು ವಾರದಿಂದ ಅದನ್ನು ಅಂಗಿಯ ಜೇಬಿಗೆ ಇಳಿಬಿಡುತ್ತಿದ್ದರಂತೆ. ಅಂಗಿ ವಾಷಿಂಗ್ ಮೆಷಿನ್‌ಗೆ ಹೋಗುತ್ತಿತ್ತು, ಮಾತ್ರೆಯೂ ಅದರ ಜೊತೆಗೆ.

"ನೀನ ಹೇಳಿದ್ದಿ ಅಲ್ಲ, ರಾಜ್ಯೋತ್ಸವದಾಗ," ಎಂದರು. "ಓಡವ್ರ ಎದಿಯೊಳಗ ಕಿವಿ ಕಡಿಮಿ ಆಗ್ತಾವ ಅಂತ. ಮಾತ್ರಿ ಅಂದ್ರ ಕಿವಿಗೆ ಇಡು ಹತ್ತಿ ಅಂತ. ನಾ ಒಂಬತ್ತ ತಿಂಗಳ ನಡದೇನಿ. ಕಿವಿನ ಕಡಿಮಿ ಆದ ಮ್ಯಾಲ ಹತ್ತಿ ಯಾಕ ಬೇಕು?"

ಎಂಜಿನಿಯರ್ ಬುದ್ಧಿ! ಎರಡು ನಿಜಗಳನ್ನು ಒಟ್ಟಿಗೆ ಬೆಸುಗೆ ಹಾಕಿ ಒಂದು ದೊಡ್ಡ ಸುಳ್ಳು ತಯಾರಿಸಿದ್ದರು. ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಇವರು ತಮಗೆ ಬೇಕಾದ್ದಷ್ಟನ್ನು ಕೇಳಿಸಿಕೊಂಡಿದ್ದರು.

"ಅದು ಹತ್ತಿ ಇಡದ ಇಲಿಗಳ ಮಾತು ಅಂಕಲ್," ಎಂದೆ. "ವರ್ಷಗಟ್ಟಲೆ ಹತ್ತಿ ಇಟ್ಟ ಎದೆ ಸುಮ್ನೆ ಕೂರಲ್ಲ. ಕೇಳಿಸ್ತಿಲ್ಲ ಅಂತ ಇನ್ನಷ್ಟು ಕಿವಿ ಬೆಳೆಸ್ಕೊಂಡಿರತ್ತೆ. ನೀವು ಒಂದೇ ಏಟಿಗೆ ಹತ್ತಿ ಕಿತ್ತು ಬಿಸಾಕಿದ್ದೀರಿ. ಈಗ ಪಿಸುಮಾತೂ ಅದಕ್ಕೆ ಕಿರುಚಾಟ. ನಾಳೆ ನೀವು ಓಡೋ ಹಾಗಿಲ್ಲ. ಈಗಲೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ."

"ನನಗ ಏನೂ ಆಗಿಲ್ಲ. ಎಷ್ಟ ವರ್ಷದ ಮ್ಯಾಲ ಇಷ್ಟ ಆರಾಮ ಅನಸೇತಿ ಗೊತ್ತೇನು?"

"ಆರಾಮ ಅನ್ಸೋದೇ ಅಪಾಯ."

ಅವರ ಮುಖ ಬಿಗಿಯಿತು. "ನೀ ಇಲಿ ಡಾಕ್ಟರ್ ತಂಗಿ. ಮನಷ್ಯಾರ ಡಾಕ್ಟರ್ ಅಲ್ಲ."

"ಹೌದು. ಅದಕ್ಕೇ ಮನುಷ್ಯರ ಡಾಕ್ಟರ್‌ಗೆ ಫೋನ್ ಮಾಡಿ ಅಂತಿರೋದು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಅವರು, ಅದೇ ಜಾತಿಯವಳು ನಾನು. ರೂಮ್‌ಮೇಟ್ ನನ್ನ ಮೊಣಕೈ ಹಿಡಿದು, "ದೊಡ್ಡವರು ಕಣೆ, ಸ್ವಲ್ಪ ಮೆತ್ತಗೆ," ಎಂದಳು. ಅವರ ಮನೆಯ ಉಪ್ಪು ತಿಂದಿದ್ದೆ ನಿಜ. ಅದಕ್ಕೇ ಮೆತ್ತಗಾಗಲು ನನಗೆ ಸಾಧ್ಯವಿರಲಿಲ್ಲ. ಅಂಕಲ್ ಸೋಫಾದ ಮೇಲೆ ಕೂತು, ಬೇರೆಯೇ ದನಿಯಲ್ಲಿ ಹೇಳಿದರು: "ಮಾತ್ರಿ ತಿಂದು ಓಡಿದ್ರ ಓಡಾಂವ ನಾ ಅಲ್ಲ ತಂಗಿ. ಒಂದ ಸಲರೆ ನನ್ನ ಎದೀಲೆ ಓಡಬೇಕು ಅನಸ್ತು."

ನನಗೆ ಕಣ್ಣು ತುಂಬಿ ಬಂತು, ಆದರೂ ಫೋನನ್ನು ಅವರ ಕೈಗೆ ಕೊಟ್ಟೆ. "ನೀವು ಮಾಡದಿದ್ರೆ ನಾನು ಅಡಿಗೆಮನೆಗೆ ಹೋಗಿ ಆಂಟಿಗೆ ಹೇಳ್ತೀನಿ."

ರಜೆಯ ದಿನ ಕರೆ ತೆಗೆದುಕೊಳ್ಳುವ ಡಾಕ್ಟರ್ ಸಿಕ್ಕಿದರು. ನಾನು ಹೇಳಿದ್ದನ್ನೇ ಅವರು ಇಂಗ್ಲಿಷಿನಲ್ಲಿ ಇನ್ನೂ ಖಾರವಾಗಿ ಹೇಳಿದರು. ಓಟ ಬೇಡವೇ ಬೇಡ. ಇವತ್ತೇ ಮಾತ್ರೆ ಶುರುವಾಗಬೇಕು, ಹ್ಯೂಸ್ಟನ್‌ನ ಫಾರ್ಮಸಿಗೆ ತಾವೇ ಹೇಳುವುದಾಗಿ ಅಂದರು. ಎದೆಯಲ್ಲಿ ಸ್ವಲ್ಪ ಹಿಡಿದಂತಾದರೂ ಎಮರ್ಜೆನ್ಸಿಗೆ ಹೋಗಬೇಕು. ಅಂಕಲ್ "ಯಸ್, ಯಸ್" ಎಂದು ಫೋನಿಟ್ಟರು. ಆಮೇಲೆ ತಾವೇ ಎದ್ದು ಅಡಿಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರು. ಒಳಗಿನಿಂದ ಅಳುವಾಗಲಿ ಬೈಗುಳವಾಗಲಿ ಕೇಳಲಿಲ್ಲ. ಆಂಟಿ ಹೊರಗೆ ಬಂದು, "ಊಟಕ್ಕ ಏಳ್ರಿ ಎಲ್ಲಾರೂ," ಎಂದರು. ಬಡಿಸುವಾಗ ಅಂಕಲ್‌ಗೂ ಎಲ್ಲರಿಗೆ ಬಡಿಸಿದಂತೆಯೇ ಬಡಿಸಿದರು. ಆ ಮೌನ ನನಗೆ ಅರ್ಥವಾಗಲಿಲ್ಲ. ನಾನಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ.

ಮರುದಿನ, ಓಡುವುದಿಲ್ಲ ಆದರೆ ನೋಡಲಾದರೂ ಬರುತ್ತೇನೆ ಎಂದು ಅಂಕಲ್ ಹಟ ಹಿಡಿದರು. ರೂಮ್‌ಮೇಟ್ ಓಟಗಾರರ ಗುಂಪಿನಲ್ಲಿ ಸೇರಿಕೊಂಡಳು. ನಾನು ಓಡಲಿಲ್ಲ. ಅಂಕಲ್ ಅವರನ್ನು ಬಿಟ್ಟುಹೋಗಲು ಧೈರ್ಯ ಸಾಲಲಿಲ್ಲ. ಆಂಟಿ, ಅಂಕಲ್, ನಾನು, ಮೂವರೂ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆವು. ಅಂಕಲ್ ನನ್ನೊಂದಿಗೆ ಮಾತು ಬಿಟ್ಟಿದ್ದರು. ಆದರೂ ಎದೆಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು, ನಾನು ನೋಡಿದ್ದೆ.

ಓಟ ಶುರುವಾಯಿತು. ಸಾವಿರಾರು ಕಾಲುಗಳು ದಬದಬ ಎಂದು ಹಾದುಹೋದವು. ಬ್ಯಾಂಡು, ಕೂಗು, ಗಂಟೆ. ರೂಮ್‌ಮೇಟ್ ನಮ್ಮನ್ನು ಗುರುತಿಸಿ ಎರಡೂ ಕೈ ಬೀಸಿದಳು. ಅಂಕಲ್ ಕೂತಲ್ಲಿಂದಲೇ "ಹೋಗು ಹೋಗು ಹೋಗು!" ಎಂದು ಕೂಗಿದರು. ಆಮೇಲೆ ಥಟ್ಟನೆ ಸುಮ್ಮನಾದರು. ನಾನು ತಿರುಗಿ ನೋಡಿದರೆ, ಅವರು ತಮ್ಮ ವಾಚನ್ನೇ ದಿಟ್ಟಿಸುತ್ತಿದ್ದರು. ಮಣಿಕಟ್ಟನ್ನು ನನ್ನ ಕಡೆ ಚಾಚಿದರು, ಹಿಂದಿನ ದಿನ ಚಾಚಿದಂತೆಯೇ. ಜಿಮ್ಮಿನ ಪಟದ ಅಂಕೆಯನ್ನೂ ದಾಟಿಹೋಗಿತ್ತು. ಅವರು ಕಟ್ಟೆಯ ಮೇಲೆ ಕೂತಿದ್ದರು, ಅಷ್ಟೇ.

"ತಂಗಿ," ಎಂದರು, "ಎದಿ ಹಿಡದಂಗ ಆಗಾಕತ್ತೇತಿ."

ವೈದ್ಯರ ಟೆಂಟ್ ಹತ್ತಿರದಲ್ಲೇ ಇತ್ತು. ನಾನು ಓಡಿದೆ, ಆ ದಿನ ನಾನು ಓಡಿದ್ದು ಅಷ್ಟೇ ದೂರ. ಟೆಂಟಿನವರು ತಳ್ಳುಮಂಚ ತಂದರು, ನಾಲಿಗೆ ಕೆಳಗೆ ಮಾತ್ರೆ ಇಟ್ಟರು, ಎದೆಗೆ ವೈರು ಅಂಟಿಸಿದರು. ಯಾವ ಮಾತ್ರೆ, ಎಂದಿನಿಂದ ನಿಲ್ಲಿಸಿದ್ದು, ನಿನ್ನೆ ಎಷ್ಟು ಹೊತ್ತಿಗೆ ಮತ್ತೆ ಶುರು ಮಾಡಿದ್ದು, ಎಲ್ಲವನ್ನೂ ನಾನು ಒಂದೇ ಉಸಿರಿಗೆ ಹೇಳಿದೆ. ಆಸ್ಪತ್ರೆಯಲ್ಲಿ ನೋಡಿದಾಗ ಒಂದು ರಕ್ತನಾಳ ಮತ್ತೆ ಕಿರಿದಾಗಿತ್ತು. ಆವತ್ತೇ ಸರಿಮಾಡಿದರು. ಕೂತಿದ್ದಾಗ ಬಂದದ್ದು ಪುಣ್ಯ, ಅರ್ಧ ದಾರಿ ಓಡಿದ ಮೇಲೆ ಬಂದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರ್. ನಾನು ಹೇಳಿದ್ದೇ ಸರಿಯಾಯಿತು ಎಂಬ ಸಂತೋಷ ನನಗೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ಅದರ ಬೆನ್ನಿಗೇ ಆಸ್ಪತ್ರೆಯ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಸಂಜೆ ಒಳಗೆ ಬಿಟ್ಟಾಗ ಅಂಕಲ್ ನನ್ನನ್ನು ನೋಡಿ, "ನಿನ್ನ ಓಟ ಕೆಡಸಿದೆ ತಂಗಿ," ಎಂದರು.

"ಹೌದು ಕೆಡಿಸಿದ್ರಿ. ಮುಂದಿನ ವರ್ಷ ತೀರಿಸಬೇಕು," ಎಂದೆ.

ತೀರಿಸಿದರು. ಮುಂದಿನ ವರ್ಷದ ಹೊತ್ತಿಗೆ ನನ್ನ ಪಿಎಚ್‌ಡಿ ಮುಗಿದು ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತ್ತು. ಪಕ್ಕದ ಜಾರ್ಜ್‌ಟೌನ್‌ನಲ್ಲಿ ಹೊಸದಾಗಿ ಎದ್ದಿದ್ದ ಮನೆಗಳಲ್ಲಿ ಒಂದರ ಮಹಡಿ ಕೋಣೆಗೆ ಶಿಫ್ಟ್ ಆಗಿದ್ದೆ. ಫೆಬ್ರವರಿಯಲ್ಲಿ ಆಸ್ಟಿನ್‌ನ ಓಟಕ್ಕೆ ಅಂಕಲ್ ಹೆಸರು ಕೊಟ್ಟರು. ಈ ಸಲ ಮಾತ್ರೆ ತಪ್ಪಿಸಿರಲಿಲ್ಲ, ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿ ನಡೆಯಲು ಮಾತ್ರ ಒಪ್ಪಿದ್ದರು. ನಾನು ಓಡಿ ಮುಗಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಗೆರೆಯ ಹತ್ತಿರ ಕಾಯುತ್ತಿದ್ದ ಆಂಟಿಯ ಪಕ್ಕದಲ್ಲಿ ನಿಂತೆ. ಅಂಕಲ್ ಬರುವುದು ಇನ್ನೂ ತಡವಿತ್ತು. ಬಿಸಿಲು ಹಿತವಾಗಿತ್ತು. ಒಬ್ಬೊಬ್ಬರೇ ಕುಂಟುತ್ತಾ, ನಗುತ್ತಾ ಬಂದು ಗೆರೆ ದಾಟುತ್ತಿದ್ದರು.

"ಆವತ್ತ ನಿನಗ ಹೆಂಗ ಗೊತ್ತಾತು ತಂಗಿ?" ಎಂದು ಆಂಟಿ ಕೇಳಿದರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ಒಂದು ವರ್ಷದಲ್ಲಿ ಅವರು ಆ ಮಾತು ಎತ್ತಿದ್ದು ಅದೇ ಮೊದಲು.

"ಬಡಿತ ಜಾಸ್ತಿ ಆಗಿದೆ ಅಂತ ಖುಷಿಯಾಗಿ ತೋರಿಸಿದ್ರು ಆಂಟಿ. ಓಡೋರಿಗೆ ಅದು ಕಡಿಮೆ ಆಗ್ಬೇಕು. ಅಷ್ಟೇ."

"ನನಗೂ ತೋರಿಸಿದ್ರು," ಎಂದರು ಆಂಟಿ. "ನಿನಗಿಂತ ನಾಕ ದಿನ ಮೊದಲ. ಎದಿ ಈಗ ಮೊದಲಿನಂಗ ಬಡ್ಯಾಕ ಹತ್ತೇತಿ ನೋಡ ಅಂದ್ರು. ಸಣ್ಣ ಹುಡುಗರಂಗ ನಗತಿದ್ರು. ನಾ ದೇವರಿಗೆ ದೀಪ ಹಚ್ಚಿ, ಗೋಧಿ ಹುಗ್ಗಿ ಮಾಡಿ ನೀಡಿದೆ. ಇನ್ನೊಂದೀಟ ಹಾಕ್ಕೊಳ್ರಿ, ಇನ್ನೊಂದೀಟ ಹಾಕ್ಕೊಳ್ರಿ ಅಂತ ಬಡಿಸಿದೆ."

ನನಗೆ ಗೊತ್ತಿದ್ದದ್ದೆಲ್ಲ ಆ ಒಂದು ಬಟ್ಟಲು ಹುಗ್ಗಿಯ ಮುಂದೆ ಯಾವ ಉಪಯೋಗಕ್ಕೂ ಬರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

"ಬಂದ್ರು," ಎಂದರು ಆಂಟಿ.

ಅಂಕಲ್ ಬರುತ್ತಿದ್ದರು. ಬಹುಪಾಲು ಜನ ಓಟ ಮುಗಿಸಿದ ಮೇಲೆ, ತೋಟದಲ್ಲಿ ಅಡ್ಡಾಡುವವರ ಹಾಗೆ, ಕೈ ಬೀಸಿಕೊಂಡು. ಗೆರೆ ದಾಟಿದರು, ಕೊರಳಿಗೆ ಪದಕ ಹಾಕಿಸಿಕೊಂಡರು, ನಗುತ್ತಾ ನಮ್ಮ ಕಡೆ ಬಂದು ವಾಚ್ ತೋರಿಸಲು ಕೈ ಎತ್ತಿದರು. ಆಂಟಿ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಮಂದಿಯೆದುರು ಗಂಡನ ಕೈ ಹಿಡಿಯಲೂ ನಾಚುತ್ತಿದ್ದ ಹೆಂಗಸು, ಅಷ್ಟು ಜನರ ನಡುವೆ, ಬೆವರಿನಿಂದ ಒದ್ದೆಯಾದ ಅವರ ಅಂಗಿಯ ಮೇಲೆ, ಎದೆಯ ಎಡಕ್ಕೆ ತನ್ನ ಅಂಗೈ ಒತ್ತಿ ಹಿಡಿದರು.

"ಏ, ಏನಿದು, ಮಂದಿ ನೋಡ್ತಾರ," ಎಂದರು ಅಂಕಲ್, ಅತ್ತಿತ್ತ ನೋಡುತ್ತಾ.

"ಸುಮ್ನಿರ್ರಿ," ಎಂದರು ಆಂಟಿ. "ಎಣಸಾಕತ್ತೇನಿ."